ತಪ್ಪು ಡ್ರಿಲ್ಲಿನದಲ್ಲ

ಕಾಲಲ್ಲಿ ತುಳಿದು ಓಡಿಸುವ ಹೊಲಿಗೆ ಮೆಷಿನ್ ಇದೆಯಲ್ಲ, ಹಲ್ಲು ಕೊರೆಯುವ ಯಂತ್ರವೂ ಒಂದು ಕಾಲದಲ್ಲಿ ಹಾಗೇ ಇತ್ತು. ಅಮೆರಿಕದ ಜೇಮ್ಸ್ ಮಾರಿಸನ್ 1871ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ದಂತವೈದ್ಯ ಪೆಡಲ್ ತುಳಿಯುತ್ತಾ ಕೈಯಲ್ಲಿ ಬರ್ (ತಿರುಗಿ ಕೊರೆಯುವ ತುದಿ) ಒತ್ತಿ ಹಿಡಿಯಬೇಕು. ನಿಮಿಷಕ್ಕೆ ಹೆಚ್ಚೆಂದರೆ 2,000 ಸುತ್ತು. ಇಂದಿನ ಡ್ರಿಲ್ಲು, ಏರೋಟರ್, ಗಾಳಿಯ ಒತ್ತಡದಲ್ಲಿ ನಿಮಿಷಕ್ಕೆ 3 ಲಕ್ಷ ಸುತ್ತು ದಾಟುತ್ತದೆ. ಹಾಗಾಗಿ "ಈಗ ಮೆಷಿನ್ ಚೆನ್ನಾಗಿದೆ, ನೋವೇ ಇರಲ್ಲ" ಅಂತ ಎಲ್ಲರೂ ಹೇಳ್ತಾರೆ. ನನ್ನ ತಕರಾರು ಇಲ್ಲೇ ಇರೋದು. ಹಲ್ಲಿನ ಕುರ್ಚಿಯಿಂದ ನೋವನ್ನು ಓಡಿಸಿದ್ದು ಮೆಷಿನ್ ಅಲ್ಲ, ಅರಿವಳಿಕೆ. ಇವತ್ತಿಗೂ ಯಾರಾದರೂ ಆ ಕುರ್ಚಿಯಲ್ಲಿ ಜೀವ ಹೋಗುವಷ್ಟು ನೋವಾಯಿತು ಅಂದರೆ ಹೆಚ್ಚಿನ ಸಲ ಅರಿವಳಿಕೆ ಸರಿಯಾಗಿ ಹಿಡಿದಿರುವುದಿಲ್ಲ. ಹಿಡಿಯದಿರುವುದಕ್ಕೆ ಕಾರಣಗಳಿವೆ, ಅವು ನಿಗೂಢವೇನಲ್ಲ.

ಮೊದಲು ಮೆಷಿನ್ನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ನಿಧಾನದ ಡ್ರಿಲ್ಲಿಗೆ ಬಲ ಹಾಕಿ ಒತ್ತಬೇಕಿತ್ತು, ಇಡೀ ದವಡೆ ಅದುರುತ್ತಿತ್ತು. ವೇಗದ ಬರ್‌ಗೆ ಮೆಲ್ಲಗೆ ತಾಗಿಸಿದರೆ ಸಾಕು. ಆದರೆ ವೇಗದ ಜೊತೆ ಬಿಸಿಯೂ ಬರುತ್ತದೆ. ಹಲ್ಲಿನೊಳಗಿನ ಜೀವಂತ ತಿರುಳಿನ ಉಷ್ಣತೆ 5.5 ಡಿಗ್ರಿ ಏರಿದರೆ ಕೆಲವು ಹಲ್ಲುಗಳ ತಿರುಳು ಸತ್ತೇಹೋಗುತ್ತದೆ ಅಂತ 1965ರಷ್ಟು ಹಿಂದೆಯೇ ಕೋತಿಗಳ ಮೇಲಿನ ಪ್ರಯೋಗದಲ್ಲಿ ಗೊತ್ತಾಗಿತ್ತು. ಅದಕ್ಕೇ ಬರ್‌ನ ತುದಿಗೆ ಸದಾ ನೀರಿನ ಸಿಂಚನ. "ಬಾಯಿ ತುಂಬಾ ನೀರು ತುಂಬಿಸ್ತಾರೆ" ಅಂತ ಬೈಯುವವರು ನೆನಪಿಡಿ, ಆ ನೀರೇ ನಿಮ್ಮ ನರ ಕಾಯುತ್ತಿರುವುದು. ಇಷ್ಟಾದರೂ ವೇಗ ನೋವನ್ನು ನಿಲ್ಲಿಸುವುದಿಲ್ಲ. ಮೇಲಿನ ಬಿಳಿ ಎನಾಮೆಲ್‌ಗೆ ಸ್ಪರ್ಶ ಗೊತ್ತಿಲ್ಲ. ಅದರ ಕೆಳಗಿನ ಡೆಂಟಿನ್‌ನಲ್ಲಿ ಮಾತ್ರ ಕಣ್ಣಿಗೆ ಕಾಣದ ಕೊಳವೆಗಳು, ಅವುಗಳೊಳಗೆ ದ್ರವ. ಆ ದ್ರವ ಅಲುಗಿದರೆ ಸಾಕು, ನರಕ್ಕೆ ಸುದ್ದಿ ಮುಟ್ಟುತ್ತದೆ. ಐಸ್‌ಕ್ರೀಮ್ ತಿಂದಾಗ ಜುಂ ಅನ್ನುವುದೂ ಇದೇ.

ಅರಿವಳಿಕೆಯ ಕಥೆಯಲ್ಲಿ ಹಲ್ಲಿನ ಡಾಕ್ಟರುಗಳೇ ನಾಯಕರು. 1844ರಲ್ಲಿ ಹಾರ್ಟ್‌ಫರ್ಡ್‌ನ ಹೊರೇಸ್ ವೆಲ್ಸ್ ನಗೆ ಅನಿಲ ಸೇದಿ ತನ್ನದೇ ಹಲ್ಲು ಕೀಳಿಸಿಕೊಂಡ. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಶಸ್ತ್ರಕ್ರಿಯೆಯ ಜಗತ್ತನ್ನೇ ಬದಲಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯ. ಅಲ್ಲಿಯವರೆಗೆ ಇದ್ದದ್ದು ಬೀಗದ ಕೈಯಂಥ ಒಂದು ಸಲಕರಣೆ: ಕೊಕ್ಕೆಯನ್ನು ಹಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಹಲ್ಲು ಬರುತ್ತಿತ್ತು, ಕೆಲವೊಮ್ಮೆ ದವಡೆಯ ಮೂಳೆಯ ಚೂರೂ ಜೊತೆಗೆ. ಆಮೇಲೆ 1884ರ ಹೊತ್ತಿಗೆ ಕೊಕೇನ್, 1905ರ ಸುಮಾರಿಗೆ ಪ್ರೊಕೇನ್. ಈಗ ನಿಮಗೆ ಚುಚ್ಚುವ ಲಿಗ್ನೊಕೇನ್ ಅನ್ನು ಸ್ವೀಡನ್ನಿನ ನೀಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು 1943ರಲ್ಲಿ.

ಈಗ ಆ ಇಂಜೆಕ್ಷನ್ನಿಗೇ ಬರೋಣ, ಏಕೆಂದರೆ ಹೆದರಿಕೆಯೆಲ್ಲ ಇರುವುದು ಅದರಲ್ಲೇ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವುದು 2% ಲಿಗ್ನೊಕೇನ್, ಜೊತೆಗೆ 80,000 ಪಾಲಿಗೆ 1 ಪಾಲು ಅಡ್ರಿನಾಲಿನ್. ಅಡ್ರಿನಾಲಿನ್ ರಕ್ತನಾಳವನ್ನು ಕುಗ್ಗಿಸಿ ಔಷಧ ಅಲ್ಲೇ ನಿಲ್ಲುವಂತೆ ಮಾಡುತ್ತದೆ. ಚುಚ್ಚಿದ ಮೇಲೆ ಒಂದೆರಡು ನಿಮಿಷ ಎದೆ ಹೊಡೆದುಕೊಂಡರೆ ಅದು ಹೆಚ್ಚಾಗಿ ಇದರದೇ ಕೆಲಸ. "ನಂಗೆ ಇಂಜೆಕ್ಷನ್ ಆಗಿಬರಲ್ಲ" ಅಂತ ತೀರ್ಮಾನಿಸುವ ಮುಂಚೆ ಡಾಕ್ಟರಿಗೆ ಹೇಳಿ. ಲಿಗ್ನೊಕೇನಿಗೆ ನಿಜವಾದ ಅಲರ್ಜಿ ಬಹಳ ಅಪರೂಪ. ಬಿಪಿ, ಹೃದಯ ಅಥವಾ ಥೈರಾಯ್ಡ್ ತೊಂದರೆ ಇದ್ದರೆ ಮೊದಲೇ ಹೇಳಬೇಕು. "ಹಲ್ಲಿಗೂ ಹಾರ್ಟಿಗೂ ಏನು ಸಂಬಂಧ" ಅಂತ ಮುಚ್ಚಿಡುವವರು ಕಮ್ಮಿ ಇಲ್ಲ.

ಚುಚ್ಚುವಾಗ ಉರಿಯುವುದು ಸೂಜಿಗಿಂತ ದ್ರವದಿಂದ. ಅಡ್ರಿನಾಲಿನ್ ಕೆಡದಿರಲೆಂದು ಅದನ್ನು ಆಮ್ಲೀಯವಾಗಿ ಇಟ್ಟಿರುತ್ತಾರೆ. ಅದನ್ನು ರಭಸದಿಂದ ನುಗ್ಗಿಸಿದರೆ ಅಂಗಾಂಶ ಹಿಗ್ಗಿ ನೋವಾಗುತ್ತದೆ. ನಿಮಿಷಕ್ಕೆ 1 ಮಿ.ಲೀ.ನಂತೆ ಬಿಟ್ಟರೆ 1.8 ಮಿ.ಲೀ. ಕಾರ್ಟ್ರಿಜ್ ಮುಗಿಯಲು ಸುಮಾರು ಎರಡು ನಿಮಿಷ ಬೇಕು. ಹತ್ತು ಸೆಕೆಂಡಲ್ಲಿ ಮುಗಿಸುವವರಿದ್ದಾರೆ! ಮೊದಲು ಜಾಗ ಒರೆಸಿ ಒಣಗಿಸಿ, ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಡುವುದು, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಔಷಧ ಚುಚ್ಚದಿರುವುದು, ತೆಳು ಸೂಜಿ, ಇಷ್ಟರಲ್ಲೇ ಅರ್ಧ ಗೆದ್ದಂತೆ. ಅಂಗುಳ ಮಾತ್ರ ಇಂದಿಗೂ ನೋಯುತ್ತದೆ. ಅಲ್ಲಿ ಚರ್ಮ ಮೂಳೆಗೆ ಬಿಗಿದಂಟಿರುವುದರಿಂದ ದ್ರವಕ್ಕೆ ಜಾಗವೇ ಇಲ್ಲ.

ಮೇಲಿನ ಹಲ್ಲುಗಳ ಸುತ್ತಲಿನ ಮೂಳೆ ಸಡಿಲ, ಪಕ್ಕದಲ್ಲಿ ಚುಚ್ಚಿದರೂ ಔಷಧ ಬೇರಿಗೆ ಇಳಿಯುತ್ತದೆ. ಕೆಳಗಿನ ದವಡೆ ಹಲ್ಲಿನ ಮೂಳೆ ಗಟ್ಟಿ. ಅದಕ್ಕೆ ಬಾಯಿಯ ಹಿಂಭಾಗದಲ್ಲಿ, ನರ ದವಡೆಯೊಳಗೆ ಹೊಕ್ಕುವ ಜಾಗದ ಹತ್ತಿರ ಔಷಧ ಬಿಡಬೇಕು. ಆ ರಂಧ್ರ ಎಲ್ಲರಲ್ಲೂ ಒಂದೇ ಎತ್ತರದಲ್ಲಿರುವುದಿಲ್ಲ, ನುರಿತ ಕೈಯೂ ಕೆಲವೊಮ್ಮೆ ತಪ್ಪುತ್ತದೆ. ಕೆಳತುಟಿ ಅರ್ಧ ದಪ್ಪ ಆದಂತೆ ಅನಿಸಿದರೆ ಔಷಧ ಹಿಡಿದಿದೆ ಅಂತ ಲೆಕ್ಕ. ಆದರೆ ತುಟಿ ಮರಗಟ್ಟಿದ ಮಾತ್ರಕ್ಕೆ ಹಲ್ಲಿನ ತಿರುಳೂ ಮರಗಟ್ಟಿದೆ ಅಂತಲ್ಲ. ಹತ್ತು ನಿಮಿಷ ಕಾದು, ತಣ್ಣನೆಯ ಹತ್ತಿ ತಾಗಿಸಿ ನೋಡಿ, ಆಮೇಲೆ ಕೊರೆಯುವ ಡಾಕ್ಟರು ಸಿಕ್ಕರೆ ಬಿಡಬೇಡಿ.

ಅತಿ ಕಷ್ಟದ ಸಂದರ್ಭ ಕೀವಾದ ಹಲ್ಲು. ಔಷಧದ ಅಣು ನರದೊಳಗೆ ಇಳಿಯಬೇಕಾದರೆ ಅದಕ್ಕೆ ವಿದ್ಯುದಾವೇಶ ಇರಬಾರದು. ಸೋಂಕಿನ ಜಾಗ ಆಮ್ಲೀಯ, ಅಲ್ಲಿ ಬಹುಪಾಲು ಅಣುಗಳು ಆವೇಶ ಹೊತ್ತು ಹೊರಗೇ ನಿಲ್ಲುತ್ತವೆ. ಉರಿಯೂತದಿಂದ ನರವೂ ಕೆರಳಿರುತ್ತದೆ. ಇದಕ್ಕೂ ದಾರಿಗಳಿವೆ: ಇನ್ನೊಂದು ಡೋಸ್, 4% ಆರ್ಟಿಕೇನ್ ಎಂಬ ಬೇರೆ ಅರಿವಳಿಕೆ ಔಷಧ, ಹಲ್ಲು ಮತ್ತು ಮೂಳೆಯ ನಡುವಿನ ಸಂದಿಗೆ ಸಣ್ಣ ಚುಚ್ಚು, ಕೊನೆಗೆ ನೇರ ತಿರುಳಿಗೇ ಒಂದು ಹನಿ. ಈ ಕೊನೆಯದು ಕೆಲವು ಸೆಕೆಂಡು ಚೀರಿಸುತ್ತದೆ, ಆಮೇಲೆ ಶಾಂತ.

ರೋಗಿಯ ಪಾಲೂ ಇಲ್ಲೇ ಬರುತ್ತದೆ. ಹುಳುಕು ಹಲ್ಲು ಮೊದಲು ತಣ್ಣಗಿನದಕ್ಕೆ ಮಾತ್ರ ಜುಂ ಅನ್ನುತ್ತದೆ. ಆಗ ಸಣ್ಣ ಫಿಲ್ಲಿಂಗ್ ಸಾಕು. ಆಮೇಲೆ ಬಿಸಿ ಕಾಫಿಗೂ ನೋವು, ಮಲಗಿದರೆ ಹೆಚ್ಚು, ರಾತ್ರಿ ನಿದ್ದೆ ಇಲ್ಲ. ಆಗ ರೂಟ್ ಕೆನಾಲ್, ಅಂದರೆ ಒಳಗಿನ ತಿರುಳು ತೆಗೆದು ಬೇರಿನ ನಾಳ ತುಂಬುವ ಚಿಕಿತ್ಸೆ. ಒಂದು ದಿನ ನೋವು ತಾನಾಗಿ ನಿಂತುಬಿಡುತ್ತದೆ. "ಲವಂಗದ ಎಣ್ಣೆ ಇಟ್ಟೆ, ಹೊಗೆಸೊಪ್ಪು ಒತ್ತಿದೆ, ಹೋಯ್ತು ನೋಡಿ" ಅಂತ ಹೇಳುವುದು ಈ ಹಂತದಲ್ಲೇ. ಹೋಗಿದ್ದು ನೋವಲ್ಲ, ಹಲ್ಲಿನ ಜೀವ. ಲವಂಗದ ಯೂಜಿನಾಲ್ ತಾತ್ಕಾಲಿಕವಾಗಿ ನರವನ್ನು ಮಂಕಾಗಿಸುವುದು ನಿಜ, ಆದರೆ ಹುಳುಕನ್ನು ತೆಗೆಯುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಆಂಟಿಬಯೋಟಿಕ್ ಸತ್ತ ತಿರುಳಿಗೆ ತಲುಪುವುದೇ ಇಲ್ಲ, ಅಲ್ಲಿಗೆ ರಕ್ತ ಹರಿದರೆ ತಾನೇ! ಕೆನ್ನೆ ಊದಿದಾಗ ಉಪ್ಪಿನ ಗಂಟು ಕಾಯಿಸಿ ಶಾಖ ಕೊಡುವ ಅಭ್ಯಾಸವೂ ಬೇಡ, ಕೀವು ಕೆನ್ನೆಯ ಹೊರಗೆ ದಾರಿ ಮಾಡಿಕೊಳ್ಳಬಹುದು. ಊತ ಗದ್ದದ ಕೆಳಗೆ ಇಳಿದು, ಬಾಯಿ ತೆರೆಯಲು, ನುಂಗಲು ಕಷ್ಟವಾಗಿ ಜ್ವರ ಬಂದರೆ ಹಲ್ಲಿನ ಕ್ಲಿನಿಕ್ಕಿಗೂ ಅಲ್ಲ, ಸೀದಾ ಆಸ್ಪತ್ರೆಗೆ. ಉಸಿರಿನ ದಾರಿ ಮುಚ್ಚಬಹುದಾದ ಸ್ಥಿತಿ ಅದು.

ರೂಟ್ ಕೆನಾಲ್ ಅಂದರೆ ಹೆದರುವವರು ಹೆದರುತ್ತಿರುವುದು ಹಳೆಯ ಪದ್ಧತಿಗೆ. ಆಗ ನರ ಸಾಯಿಸಲು ಹಲ್ಲಿನೊಳಗೆ ಆರ್ಸೆನಿಕ್ ಪೇಸ್ಟ್ ಇಡುತ್ತಿದ್ದರು; ಸೋರಿದರೆ ವಸಡು, ಮೂಳೆ ಎರಡೂ ಕೊಳೆಯುತ್ತಿದ್ದವು. ಬೇರಿನ ನಾಳವನ್ನು ಉಜ್ಜಿ ಶುಚಿ ಮಾಡುವ ಸೂಜಿಯಂಥ ಗಡುಸು ಸ್ಟೀಲ್ ಫೈಲುಗಳು ಬಾಗಿದ ಬೇರಿನಲ್ಲಿ ಬಾಗದೆ, ಗೋಡೆಯಲ್ಲಿ ಮೆಟ್ಟಿಲು ಕೊರೆದು ನಿಲ್ಲುತ್ತಿದ್ದವು. 1988ರಲ್ಲಿ ನಿಕ್ಕಲ್ ಟೈಟೇನಿಯಂ ಫೈಲಿನ ವಿಚಾರ ಬಂದ ಮೇಲೆ ಬೇರಿನ ತಿರುವಿಗೆ ತಕ್ಕಂತೆ ಫೈಲೂ ತಿರುಗುತ್ತದೆ. ಬೇರಿನ ಉದ್ದ ಅಳೆಯಲು ಎಕ್ಸ್‌ರೇ ಜೊತೆಗೆ ಅಪೆಕ್ಸ್ ಲೊಕೇಟರ್ ಇದೆ. ತುದಿಗೆ ಅರ್ಧದಿಂದ 1 ಮಿ.ಮೀ. ಮೊದಲೇ ನಿಲ್ಲಬೇಕು. ಮೀರಿದರೆ ಆಮೇಲೆ ಕಚ್ಚಿದಾಗೆಲ್ಲ ನೋವು. ಆದರೆ ನನ್ನ ಪ್ರಕಾರ ಚಿಕಿತ್ಸೆಯ ಜೀವಾಳ ಫೈಲಲ್ಲ, ತೊಳೆಯುವುದು. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಒಳಗಿನ ಕೊಳೆತ ಅಂಗಾಂಶವನ್ನು ಕರಗಿಸುತ್ತದೆ. ಅದು ಗಂಟಲಿಗೆ ಇಳಿಯದಂತೆ, ಎಂಜಲು ಹಲ್ಲಿನೊಳಗೆ ಹೋಗದಂತೆ ರಬ್ಬರ್ ಡ್ಯಾಮ್ ಅನ್ನುವ ಹಾಳೆ ಹಾಕಬೇಕು. ಎಷ್ಟೋ ಕಡೆ ಹಾಕುವುದಿಲ್ಲ, ಕೇಳಿ ಹಾಕಿಸಿಕೊಳ್ಳಿ. ಮೇಲಿನ ಮೊದಲ ದವಡೆ ಹಲ್ಲಿನ ನಾಲ್ಕನೇ ನಾಳ ಕಣ್ಣಿಗೆ ಬೀಳದೆ ಉಳಿದರೆ ವರ್ಷಗಳ ನಂತರ ಅದೇ ಹಲ್ಲು ಮತ್ತೆ ಊದುತ್ತದೆ. ಚಿಕಿತ್ಸೆ ಆದ ಮೇಲೆ ಎರಡು ಮೂರು ದಿನ ಕಚ್ಚಿದಾಗ ಮಂದ ನೋವು ಸಹಜ. ದವಡೆ ಹಲ್ಲಿಗೆ ಕ್ಯಾಪ್ ಹಾಕಿಸದೆ "ನೋವಿಲ್ವಲ್ಲ" ಅಂತ ಬಿಟ್ಟರೆ ಅದು ಒಂದು ದಿನ ಸೀಳುತ್ತದೆ, ಬೇರಿನವರೆಗೆ ಸೀಳಿದರೆ ಕೀಳುವುದೊಂದೇ ಉಳಿಯುವುದು.

ಕಿತ್ತ ಮೇಲಿನ ನೋವಿನಲ್ಲಿ ಮಾತ್ರ ನಾವು ಅಷ್ಟೇನೂ ಮುಂದೆ ಹೋಗಿಲ್ಲ. ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಅಲ್ಲಿನ ಬ್ಯಾಂಡೇಜು. ಹತ್ತಿ ಮುಕ್ಕಾಲು ಗಂಟೆ ಕಚ್ಚಿ ಹಿಡಿದು, 24 ಗಂಟೆ ಮುಕ್ಕಳಿಸದೆ, ಉಗುಳದೆ, ಸ್ಟ್ರಾ ಹಾಕಿ ಎಳೆಯದೆ, ಬೀಡಿ ಸಿಗರೇಟು ಸೇದದೆ ಇದ್ದರೆ ಅದು ಉಳಿಯುತ್ತದೆ. ಕಿತ್ತುಹೋದರೆ ಮೂರನೇ ದಿನದ ಹೊತ್ತಿಗೆ ಕಿವಿಯವರೆಗೆ ಸೆಳೆಯುವ ನೋವು, ಬಾಯಿಯಲ್ಲಿ ದುರ್ವಾಸನೆ. ಆಗ ಮಾತ್ರೆ ನುಂಗುತ್ತಾ ಕೂರದೆ ವಾಪಸ್ ಹೋಗಿ ಗುಂಡಿ ತೊಳೆಸಿ ಔಷಧದ ಪಟ್ಟಿ ಇಡಿಸಿಕೊಳ್ಳಬೇಕು.

ಇನ್ನೊಂದು, ಇದಕ್ಕೆ ಕಾಸೂ ಬೇಡ. ಬಾಯಿ ತೆರೆದ ಮೇಲೆ ಮಾತಾಡಲಾಗದು. ಹಾಗಾಗಿ ಕೂರುವ ಮುಂಚೆಯೇ ಹೇಳಿಕೊಳ್ಳಿ: "ಡಾಕ್ಟ್ರೇ, ನೋವಾದ್ರೆ ಎಡಗೈ ಎತ್ತುತೀನಿ, ನಿಲ್ಲಿಸಿ." ಬಲಗೈ ಬೇಡ, ಡಾಕ್ಟರು ಸಾಮಾನ್ಯವಾಗಿ ಆ ಕಡೆಯೇ ಕೂತಿರುತ್ತಾರೆ, ಬರ್ ಇರುವ ಕೈಗೆ ತಾಗೀತು. ಎತ್ತಿದಾಗ ನಿಲ್ಲಿಸಿ ಇನ್ನೊಂದು ಡೋಸ್ ಕೊಡುವವರ ಬಳಿಯೇ ಚಿಕಿತ್ಸೆ ಮುಂದುವರಿಸಿ. "ಸ್ವಲ್ಪ ತಡ್ಕೊಳಿ, ಆಯ್ತು ಆಯ್ತು" ಅನ್ನುವವರ ಬಳಿ ತಾತ್ಕಾಲಿಕ ಸಿಮೆಂಟ್ ಹಾಕಿಸಿಕೊಂಡು ಎದ್ದು ಬನ್ನಿ.