ಹಿಂದಿನ ಹೊಲಕ್ಕೆ ಮುಂದಿನ ಹೊಲದಲ್ಲಿ ದಾರಿ: ಹಕ್ಕಾಗಬೇಕೆ?

ಪರ

ಕೋಲಾರ ಜಿಲ್ಲೆಯಲ್ಲಿ ಅಣ್ಣತಮ್ಮಂದಿರು ಜಮೀನನ್ನು ಅಡ್ಡಲಾಗಿ ಭಾಗ ಮಾಡಿಕೊಂಡಲ್ಲೆಲ್ಲ ರಸ್ತೆಗೆ ತಾಗಿದ ತುಂಡು ಒಬ್ಬರಿಗೂ ಹಿಂದಿನದು ಇನ್ನೊಬ್ಬರಿಗೂ ಸೇರುತ್ತದೆ. ಮುಂದಿನ ತುಂಡು ಪರರಿಗೆ ಮಾರಾಟವಾದರೆ ಹಿಂದಿನವರ ದಾರಿಗೆ ಕಲ್ಲುಕಂಬ ಬೀಳುತ್ತದೆ. ಕೊಳವೆಬಾವಿ ಕೊರೆಯುವ ಲಾರಿ ಬದುವಿನ ಮೇಲೆ ಹೋಗಲಾರದು. ಟೊಮೆಟೊ ಕಟಾವಿನ ದಿನ 15 ಕೆ.ಜಿ. ಬಾಕ್ಸುಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ರಸ್ತೆಗೆ ತರುವಷ್ಟರಲ್ಲಿ ಮಂಡಿಯ ಹರಾಜು ಮುಗಿಯುತ್ತದೆ. ಪಹಣಿಯಲ್ಲಿ ಹೆಸರಿದ್ದೂ ಟ್ರ್ಯಾಕ್ಟರ್ ಇಳಿಸಲಾಗದ ಜಮೀನಿನಿಂದ ಆ ಕುಟುಂಬಕ್ಕೆ ಏನು ಪ್ರಯೋಜನ?

ಇದು ಹೊಸ ಬೇಡಿಕೆಯೇನೂ ಅಲ್ಲ. ಒಟ್ಟಿಗಿದ್ದ ಸ್ವತ್ತು ಭಾಗವಾದಾಗ, ದಾರಿಯಿಲ್ಲದೆ ಒಂದು ಪಾಲನ್ನು ಅನುಭವಿಸಲು ಸಾಧ್ಯವೇ ಇಲ್ಲವೆಂದಾದರೆ, ಇನ್ನೊಂದು ಪಾಲಿನಲ್ಲಿ ದಾರಿಯ ಹಕ್ಕು ಉಂಟೆಂದು 1882ರ ಈಸ್‌ಮೆಂಟ್ (ಪರರ ಜಮೀನನ್ನು ಬಳಸುವ ಹಕ್ಕು) ಕಾಯ್ದೆಯ 13ನೇ ಕಲಂ ಹೇಳುತ್ತದೆ. ಆ ದಾರಿಯನ್ನು ಯಾವ ಬದಿಯಲ್ಲಿ ಬಿಡಬೇಕೆಂಬ ಆಯ್ಕೆಯನ್ನು 14ನೇ ಕಲಂ ಮುಂದಿನವರಿಗೇ ಕೊಟ್ಟಿದೆ. ಹಿಂದಿನವರಿಗೆ ಅದು ಅನುಕೂಲಕರವಾಗಿದ್ದರೆ ಸಾಕು. ಕೊರತೆಯಿರುವುದು ಜಾರಿಯಲ್ಲಿ. ಸಿವಿಲ್ ನ್ಯಾಯಾಲಯದ ವಾಯಿದೆಗಳಿಗೆ ಬೆಳೆ ಕಾಯುವುದಿಲ್ಲವಾದ್ದರಿಂದ, ಸ್ಥಳ ಅಳತೆ ಮಾಡಿಸಿ, ಪರಿಹಾರ ಗೊತ್ತುಪಡಿಸಿ, ಒಂದೇ ಹಂಗಾಮಿನೊಳಗೆ ದಾರಿ ಬಿಡಿಸುವ ಅಧಿಕಾರ ತಹಶೀಲ್ದಾರರಿಗೆ ಇರಬೇಕು.

ವಿರೋಧ

ಹತ್ತು ಅಡಿ ದಾರಿ ಕೇಳುವವರಿಗೆ ಸಣ್ಣದು. ಆದರೆ 600 ಅಡಿ ಉದ್ದದ ಒಂದು ಎಕರೆಯಲ್ಲಿ ಅದು ಐದೂವರೆ ಗುಂಟೆ, ಅಂದರೆ ಏಳರಲ್ಲಿ ಒಂದು ಪಾಲಿಗೆ ಹತ್ತಿರ. ಸಂವಿಧಾನದ 1978ರ 44ನೇ ತಿದ್ದುಪಡಿಯಲ್ಲಿ ಸ್ವತ್ತಿನ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದರೂ, ಕಾನೂನಿನ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯಬಾರದೆಂದು 300ಎ ವಿಧಿ ಈಗಲೂ ಕಾಯುತ್ತಿದೆ. ನಕಾಶೆಯಲ್ಲಿ ಕಾಣುವ ಬಂಡಿದಾರಿಯನ್ನೋ ಬಿ ಖರಾಬನ್ನೋ (ಸಾರ್ವಜನಿಕ ಬಳಕೆಗೆಂದು ಸಾಗುವಳಿಯಿಂದ ಬಿಟ್ಟ ಜಾಗ) ಒತ್ತುವರಿ ಮಾಡಿದವರನ್ನು ತೆರವುಗೊಳಿಸುವುದು ನ್ಯಾಯ. ಎಂದೂ ದಾರಿಯಿಲ್ಲದ ಹಿಡುವಳಿಯನ್ನು ತ್ವರಿತ ಆದೇಶದಲ್ಲಿ ಸೀಳುವುದು ಬೇರೆಯೇ ಮಾತು.

ಇನ್ನೂ ಹೆಚ್ಚು ಕಾಡುವ ಸಂಗತಿ ಅನುಮತಿಯದು. 'ಹೋಗಪ್ಪ, ಬದುವಿನ ಪಕ್ಕದಲ್ಲೇ ಹೋಗು' ಎಂದು ಬಿಟ್ಟುಕೊಟ್ಟ ದಾರಿ ಹಕ್ಕಾಗುವುದಿಲ್ಲ. ಆದರೆ ಅಡೆತಡೆಯಿಲ್ಲದೆ, ಹಕ್ಕೆಂದೇ 20 ವರ್ಷ ಓಡಾಡಿದ್ದೇವೆಂದು ಅವರ ಮಕ್ಕಳು ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಹಿಡಿದು ನಿಂತರೆ, ಅಂದು ಬಾಯಿಮಾತಿನಲ್ಲಿ ಕೊಟ್ಟ ಅನುಮತಿಗೆ ಸಾಕ್ಷಿ ಎಲ್ಲಿಂದ ಬರಬೇಕು? ಈ ಭಯಕ್ಕೇ ಒಳ್ಳೆಯ ನೆರೆಯವರೂ ಬೇಲಿ ಹಾಕುತ್ತಾರೆ. ಮಾಲೂರಿನಂಥ ಬೆಂಗಳೂರಿಗೆ ಹತ್ತಿರದ ಕಡೆ, ಬೆಳೆ ಸಾಗಿಸಲೆಂದು ಪಡೆದ ದಾರಿಯಲ್ಲಿ ನಾಳೆ ಲೇಔಟಿನ ಟಿಪ್ಪರ್‌ಗಳು ಬಂದರೆ ತಡೆಯುವವರು ಯಾರು? ಅಗತ್ಯ ಎಷ್ಟಿತ್ತೋ ಹಕ್ಕೂ ಅಷ್ಟೇ ಎಂದು 28ನೇ ಕಲಂ ಹೇಳಿದರೂ, ಅದನ್ನು ಎತ್ತಿಹಿಡಿಯಲು ಅಲೆಯಬೇಕಾದವರು ಜಮೀನು ಕಳೆದುಕೊಂಡವರೇ.

ದಾರಿ ನಿರ್ಧಾರವಾಗಬೇಕಾದದ್ದು ಭಾಗದ ದಿನ. ಸರ್ವೆ ನಂಬರಿನ ತುಂಡನ್ನು ನೋಂದಾಯಿಸಲು 11ಇ ನಕ್ಷೆ, ಅಂದರೆ ಆ ತುಂಡಿನ ಅಳತೆ ತೋರಿಸುವ ಸರ್ವೆ ನಕ್ಷೆ, ಹೇಗೂ ಬೇಕು. ಪ್ರತಿ ಪಾಲಿಗೂ ದಾರಿ ತೋರಿಸದ ನಕ್ಷೆಯನ್ನು ಮಂಜೂರು ಮಾಡಬಾರದು.