ಒತ್ತಡ ಇಳಿಸುವ ಆ್ಯಪ್ ಡೌನ್ ಆಗಿದೆ

ನಮ್ಮ ಟೀಮಿಗೆ ಒತ್ತಡ ಜಾಸ್ತಿಯಾಗಿದೆ ಅಂತ ಮೇಲಿನವರಿಗೆ ಕೊನೆಗೂ ಗೊತ್ತಾಯಿತು. ಗೊತ್ತಾದ ಕೂಡಲೇ ಒಂದು ಮೀಟಿಂಗ್ ಇಟ್ಟರು. ಊಟದ ಹೊತ್ತಿಗೆ. ಬೇರೆ ಹೊತ್ತಿನಲ್ಲಿ ಯಾರ ಕ್ಯಾಲೆಂಡರೂ ಖಾಲಿ ಇರಲಿಲ್ಲವಂತೆ.

ನಾನು ಟೀಮ್ ಲೀಡ್. ಅಂದರೆ, ಕೋಡ್ ಬರೆಯುವುದನ್ನು ಬಿಡಿಸಿ, ಕೋಡ್ ಯಾಕೆ ಇನ್ನೂ ಮುಗಿದಿಲ್ಲ ಅಂತ ವಿವರಿಸುವ ಕೆಲಸಕ್ಕೆ ಹಾಕಿದ ಮನುಷ್ಯ. "ಕೆಲಸ ಜಾಸ್ತಿ ಇದೆ, ಒಂದೆರಡು ಕೈಬಿಡೋಣ" ಅಂದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಕೆಲಸ ಕಡಿಮೆ ಮಾಡಲಿಲ್ಲ, ಜನರನ್ನು ಕೊಟ್ಟರು. ಐದು ಜನರ ಟೀಮಿಗೆ ಇನ್ನೈದು ಜನ.

ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟರು. ಐಬಿಎಂನಲ್ಲಿ ಸ್ವತಃ ಪೆಟ್ಟು ತಿಂದವರ ಮಾತು. ಲೆಕ್ಕವೂ ಸುಲಭ. 5 ಜನರಿದ್ದರೆ ಇಬ್ಬಿಬ್ಬರು ಮಾತಾಡಿಕೊಳ್ಳುವ ಜೋಡಿ 10. 10 ಜನರಾದರೆ 45. ಜನ ಎರಡು ಪಟ್ಟು, "ಅವರಿಗೆ ಹೇಳಿದ್ದೆನಲ್ಲ" ಅನ್ನುವ ಗಲಾಟೆ ನಾಲ್ಕೂವರೆ ಪಟ್ಟು. ದಿನಾ ನಡೆಯುವ 15 ನಿಮಿಷದ ಸ್ಟ್ಯಾಂಡ್‌ಅಪ್ ಮೀಟಿಂಗ್ ಈಗ ಮುಕ್ಕಾಲು ಗಂಟೆ. ನಿಂತುಕೊಂಡೇ.

ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದ ಒತ್ತಡದಿಂದ ಬರ್ನ್‌ಔಟ್, ಅಂದರೆ ಪೂರ್ತಿ ಬಳಲಿ ಹೋಗುವ ಸ್ಥಿತಿ, ಬರುತ್ತದೆ, ಅದು ರೋಗವಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಮ್ಮವರು ಅದರಲ್ಲಿ "ನಿಭಾಯಿಸದ" ಅನ್ನುವ ಒಂದೇ ಪದ ಹಿಡಿದುಕೊಂಡರು. ನಿಭಾಯಿಸಬೇಕಾದವರು ನಾವೇ ಅಲ್ವಾ! ಹಾಗಾಗಿ ಎಲ್ಲರಿಗೂ ಧ್ಯಾನದ ಆ್ಯಪ್. ಕಡ್ಡಾಯ. ಯಾವ ಟೀಮ್ ದಿನಕ್ಕೆ ಎಷ್ಟು ನಿಮಿಷ ಶಾಂತವಾಗಿತ್ತು ಅಂತ ತೋರಿಸಲು ಡ್ಯಾಶ್‌ಬೋರ್ಡ್ ಬೇರೆ. ನಮ್ಮದು ಕೆಂಪು. ಶಾಂತಿ ಟಾರ್ಗೆಟ್‌ಗಿಂತ ಯಾಕೆ ಕಡಿಮೆ, ಸಂಜೆಯೊಳಗೆ ತಿಳಿಸಿ ಅಂತ ಮೇಲ್ ಬಂತು.

ಮೊನ್ನೆ ರಾತ್ರಿ 2:40ಕ್ಕೆ ಫೋನ್ ಕಿರುಚಿಕೊಂಡಿತು. ರಾತ್ರಿ ಏನಾದರೂ ಕೆಟ್ಟರೆ ಎದ್ದು ನೋಡುವ ಆನ್‌ಕಾಲ್ ಸರದಿ ನನ್ನದೇ. ಕಣ್ಣುಜ್ಜಿಕೊಂಡು ಅಲರ್ಟ್ ಓದಿದೆ: "ತುರ್ತು. ಒತ್ತಡ ನಿವಾರಣೆ ಆ್ಯಪ್ ಡೌನ್." ಅದರ ಲಾಗಿನ್ ನೋಡಿಕೊಳ್ಳುವುದು ನಮ್ಮದೇ ಟೀಮ್ ಅನ್ನುವುದು ಆಗಲೇ ನೆನಪಾದದ್ದು.

ಈ ಹೊತ್ತಿನಲ್ಲಿ ಇಷ್ಟೊಂದು ಜನ ಯಾರಪ್ಪ ಧ್ಯಾನಕ್ಕೆ ಕೂತವರು ಅಂತ ಲಾಗ್ ತೆಗೆದೆ. ಜನ ಅಲ್ಲ, ಸ್ಕ್ರಿಪ್ಟ್, ತಾನಾಗೇ ಓಡುವ ಪುಟ್ಟ ಪ್ರೋಗ್ರಾಂ. ಹೊಸದಾಗಿ ಬಂದ ಐವರಲ್ಲಿ ಯಾರೋ ಬರೆದದ್ದು. ಹತ್ತೂ ಜನರ ಹೆಸರಲ್ಲಿ, ನನ್ನದೂ ಸೇರಿಸಿ, ಧ್ಯಾನ ಮಾಡುತ್ತಿತ್ತು. ಒಂದು ಸಲ ಲಾಗಿನ್ ಆಗದಿದ್ದಕ್ಕೆ ಬಿಡುವೇ ಕೊಡದೆ ಮತ್ತೆ ಮತ್ತೆ ಬಾಗಿಲು ಬಡಿದು ಸರ್ವರನ್ನೇ ಮಲಗಿಸಿತ್ತು. ಅದಕ್ಕೂ ಪಾಪ ಒತ್ತಡ.

ತಿಂಗಳಿಂದ ನಮ್ಮ ಟೀಮಿನಲ್ಲಿ ಹೇಳಿದ ಹೊತ್ತಿಗೆ ಮುಗಿದ ಕೆಲಸ ಇದೊಂದೇ. ಅಳಿಸಲು ಮನಸ್ಸಾಗಲಿಲ್ಲ. ಎರಡು ಪ್ರಯತ್ನಗಳ ನಡುವೆ 30 ಸೆಕೆಂಡ್ ಬಿಡುವು ಸೇರಿಸಿ, ಸರ್ವರ್ ಎಬ್ಬಿಸಿ ಮಲಗಿದೆ.

ಈಗ ನಮ್ಮ ಟೀಮ್ ಹಸಿರು. ಇದನ್ನು ಹೇಗೆ ಸಾಧಿಸಿದಿರಿ ಅಂತ ಉಳಿದ ಲೀಡ್‌ಗಳಿಗೆ ಹೇಳಬೇಕಂತೆ. ನಾಳೆ ಮೀಟಿಂಗ್ ಇಟ್ಟಿದ್ದಾರೆ. ಊಟದ ಹೊತ್ತಿಗೆ.