ಬಾಣಲೆಯಿಂದ ಬಾನಿಗೆ

ದಾವಣಗೆರೆಗೆ ವಿಮಾನ ನಿಲ್ದಾಣ ಬರುತ್ತೆ ಅಂತ ಕೇಳಿ ಕೇಳಿ ನಮ್ಮ ಕಿವಿಯೇ ರನ್‌ವೇ ಆಗಿದೆ. ನಿಲ್ದಾಣ ಬರಲಿಲ್ಲ, ಎಣ್ಣೆಗೆ ಮಾತ್ರ ಬುಲಾವ್ ಬಂದಿದೆ. ವಿದೇಶಕ್ಕೆ ಹಾರುವ ವಿಮಾನಗಳ ಇಂಧನಕ್ಕೆ 2027ರಲ್ಲಿ ಶೇ 1, 2028ರಲ್ಲಿ ಶೇ 2, 2030ರಲ್ಲಿ ಶೇ 5ರಷ್ಟು ‘ಸುಸ್ಥಿರ’ ಇಂಧನ ಬೆರೆಸಬೇಕೆಂಬುದು ಕೇಂದ್ರದ ಗುರಿ. ಅದನ್ನು ತಯಾರಿಸುವ ಪಳಗಿದ ದಾರಿ, ಕರಿದು ಉಳಿದ ಅಡುಗೆ ಎಣ್ಣೆ. ಹೀಗೆ ಇಂಧನ ತಯಾರಿಸಲು ಪಾಣಿಪತ್ ರಿಫೈನರಿ 2025ರಲ್ಲೇ ಸರ್ಟಿಫಿಕೇಟ್ ಪಡೆದಿದೆ.

ಕರಿದ ಎಣ್ಣೆ ಅಂದಮೇಲೆ ನಮ್ಮೂರನ್ನು ಬಿಟ್ಟರುಂಟೆ? ಸಂಜೆ ಮಿರ್ಚಿ ಮಂಡಕ್ಕಿ ಗಾಡಿ ಮುಂದೆ ನಿಂತು, ‘ಯಜಮಾನ್ರೇ, ಉಳಿದ ಎಣ್ಣೆ ಏನ್ಮಾಡ್ತೀರಿ?’ ಅಂದೆ. ಅವರು ನನ್ನನ್ನೇ ಕಡಲೆಹಿಟ್ಟಿಗೆ ಅದ್ದುವವರ ಹಾಗೆ ನೋಡಿದರು.

‘ಎಲ್ಲಿ ಉಳೀತೈತ್ರಿ? ಇವತ್ತಿಂದು ತಳದಾಗಿರ್ತೈತಿ, ನಾಳೆ ಅದರ ಮ್ಯಾಲೆ ಒಂದ್ ಪ್ಯಾಕೆಟ್ ಹೊಯ್ತೀನಿ.’

ಇಣುಕಿದೆ. ಬಾಣಲೆಯ ಅಂಚಿಗೆ ಡಾಂಬರು ಮೆತ್ತಿದಂತಿತ್ತು. ತಳದ ಎಣ್ಣೆ ಎರಡು ಚುನಾವಣೆಯನ್ನಾದರೂ ಕಂಡಿರಬೇಕು.

ಎಣ್ಣೆಯಲ್ಲಿ ಪೋಲಾರ್ ಸಂಯುಕ್ತ (ಮತ್ತೆ ಮತ್ತೆ ಕಾಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತು) ಶೇ 25 ದಾಟಿದರೆ ಬಳಸಬಾರದು ಅನ್ನುವ ನಿಯಮ 2018ರಿಂದ ಇದೆ. ಅಳೆಯುವವರು ಗಾಡಿ ಹತ್ತಿರ ಬಂದದ್ದನ್ನು ನಾನಂತೂ ನೋಡಿಲ್ಲ. ಅದೇ ಎಣ್ಣೆ ವಿಮಾನದ ಹೊಟ್ಟೆಗೆ ಹೋಗುತ್ತೆ ಅಂದರೆ ಮಾತ್ರ ಎಲ್ಲಿಂದ ಬಂತು ಅನ್ನುವುದಕ್ಕೆ ಕಾಗದಪತ್ರ ಬೇಕು. ನಮ್ಮ ಹೊಟ್ಟೆಗೆ ಯಾವ ಕಾಗದವೂ ಬೇಡ, ಮಿರ್ಚಿ ಕಟ್ಟಿಕೊಟ್ಟ ಹಳೇ ಪೇಪರ್ ಸಾಕು.

ದರದ ಕಥೆ ಇನ್ನೂ ರುಚಿ. ಈ ಇಂಧನಕ್ಕೆ ಮಾಮೂಲಿ ವಿಮಾನ ಇಂಧನದ ಎರಡರಿಂದ ಐದು ಪಟ್ಟು ಖರ್ಚು. ಹೆಚ್ಚಿನ ದುಡ್ಡು ಯಾರ ಜೇಬಿನಿಂದ ಅಂದರೆ, ಎಲ್ಲರೂ ಪಕ್ಕದವರ ಜೇಬು ತೋರಿಸುತ್ತಾರೆ. ಹಳೆ ಎಣ್ಣೆಗೆ ಹೊಸದಕ್ಕಿಂತ ಹೆಚ್ಚು ರೇಟು ಸಿಕ್ಕಿದರೆ? ತಾಜಾ ತಾಳೆ ಎಣ್ಣೆಯನ್ನೇ ಹಳೆಯದೆಂದು ಸಾಗಹಾಕುತ್ತಾರೆಂಬ ಗುಮಾನಿ ಯುರೋಪಿನವರಿಗೆ ಆಗಲೇ ಹತ್ತಿದೆ. ಯಜಮಾನ್ರಿಗೆ ಇದನ್ನು ಹೇಳಿದ್ದೇ ತಪ್ಪಾಯ್ತು.

‘ಹಂಗಾರೆ ಮಿರ್ಚಿ ಯಾಕ್ರಿ ಕರೀಲಿ? ಬರೀ ಎಣ್ಣೆ ಕಾಸಿ ಕೊಟ್ರಾತಲ್ಲ!’

ನೀತಿ ಬರೆದವರಿಗೆ ಹೊಳೆಯದ್ದು ಇವರಿಗೆ ಅರೆ ನಿಮಿಷದಲ್ಲಿ ಹೊಳೆಯಿತು. (ಮೆಕ್ಕೆಜೋಳದಿಂದ ತೆಗೆಯುವ ಎಥೆನಾಲಿನಿಂದಲೂ ಈ ಇಂಧನ ಮಾಡಬಹುದಂತೆ. ನಮ್ಮ ಮೆಕ್ಕೆಜೋಳಕ್ಕೆ ಕೋಳಿ, ಕಾರು ಎರಡೂ ಆಗಲೇ ಬಾಯಿ ತೆರೆದು ಕೂತಿವೆ. ವಿಮಾನ ಪಾಳಿಯಲ್ಲಿ ನಿಲ್ಲಲಿ.)

‘ಅಲ್ರೀ, ನಮ್ ಎಣ್ಣೆ ಎಲ್ಲಿಗೆ ಹೋಗ್ತೈತಿ?’

‘ದುಬೈಗೂ ಹೋಗಬಹುದು.’

‘ನಾನು?’

‘ನೀವು ಮೊದಲು ಬೆಂಗಳೂರು ಬಸ್ ಹತ್ತಬೇಕು.’

ಅವರು ಮಾತಾಡಲಿಲ್ಲ. ಹೊಸ ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿ ಕಚ್ಚಿ ಹರಿದು, ತಳದ ಎಣ್ಣೆ ಮೇಲೆ ಸುರಿದರು.